ಅರ್ಧ ಬ್ಯಾಂಡು ಕಮ್ಮಿ, ಫಾರಿನ್ ಸೀಟು ಖೋತಾ!

ಮಗ ಫಾರಿನ್‌ಗೆ ಓದೋಕೆ ಹೊರಟ ಅಂತ ಓಣಿಗೆಲ್ಲ ಪೇಡೆ ಹಂಚುವ ಮುಂಚೆ ಅಪ್ಪಂದಿರು ಒಂದು ಕಾಗದ ಕೇಳಿ ನೋಡಬೇಕು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಅದು. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗರೂ ಮುಗ್ಗರಿಸುವುದು ಇಲ್ಲೇ.

ಅಮೆರಿಕದ ಕಡೆಯ ಟೋಫೆಲ್ ಪರೀಕ್ಷೆ 1964ರಷ್ಟು ಹಳೆಯದು. ಐಇಎಲ್‌ಟಿಎಸ್ ಈ ಹೆಸರಿನಲ್ಲಿ ಶುರುವಾದದ್ದು 1989ರಲ್ಲಿ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಇದರದ್ದೇ ದರ್ಬಾರು. ಫೀಸು ಹದಿನೈದು ಸಾವಿರಕ್ಕೂ ಮೇಲೆ. ಅಂಕ ನಡೆಯುವುದು ಎರಡೇ ವರ್ಷ.

ಸರಾಸರಿಯ ಮೋಸ

ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಹೀಗೆ ನಾಲ್ಕು ಭಾಗ. ಒಂದೊಂದಕ್ಕೂ 9ರವರೆಗೆ ಬ್ಯಾಂಡು. ಲೆಕ್ಕ ನೋಡಿ: ಒಬ್ಬ ಹುಡುಗನಿಗೆ ಕೇಳುವುದರಲ್ಲಿ 6.5, ಓದುವುದರಲ್ಲಿ 6.5, ಮಾತಿನಲ್ಲಿ 7, ಬರವಣಿಗೆಯಲ್ಲಿ 5 ಬಂತು ಅನ್ನಿ. ಸರಾಸರಿ 6.25. ಅದನ್ನು ನಿಯಮದ ಪ್ರಕಾರ 6.5 ಮಾಡುತ್ತಾರೆ. ಕಾಲೇಜು ಕೇಳಿದ್ದೂ 6.5. ಗೆದ್ದೆ ಅಂತ ಹುಡುಗ ಕುಣಿಯುತ್ತಾನೆ. ಆದರೆ 'ಯಾವ ಭಾಗದಲ್ಲೂ 5.5ಕ್ಕೆ ಕಮ್ಮಿ ಇರಕೂಡದು' ಅಂತ ಕೆಳಗೆ ಸಣ್ಣಕ್ಷರದಲ್ಲಿ ಷರತ್ತು ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು!

ಬರೀ ಒಂದು ಭಾಗವನ್ನು ಮತ್ತೆ ಬರೆಯುವ ಸೌಲಭ್ಯ 2023ರಿಂದ ಭಾರತದಲ್ಲೂ ಇದೆ. ಆದರೆ ಆ ಅಂಕವನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ಮತ್ತೆ ಕೆಲವು ಬ್ರಿಟಿಷ್ ವಿಶ್ವವಿದ್ಯಾಲಯಗಳು 12ನೇ ತರಗತಿಯ ಇಂಗ್ಲಿಷ್ ಅಂಕ ಚೆನ್ನಾಗಿದ್ದರೆ ಪರೀಕ್ಷೆಯನ್ನೇ ಕೇಳುವುದಿಲ್ಲ. ಯಾವ ಬೋರ್ಡು, ಎಷ್ಟು ಅಂಕ ಅಂತ ಮೊದಲೇ ವಿಚಾರಿಸಿದರೆ ಫೀಸಿನ ದುಡ್ಡೂ ಉಳಿದೀತು.

ಬ್ರಿಟನ್ನಿನ ಹಗರಣ

ಅಡ್ಡದಾರಿ ಹಿಡಿದರೆ ಏನಾಗುತ್ತೆ ಎಂಬುದಕ್ಕೆ 2014ರ ಬ್ರಿಟನ್ ಸಾಕ್ಷಿ. ವೀಸಾಕ್ಕೆ ಬೇಕಾದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಯಾರದೋ ಹೆಸರಲ್ಲಿ ಇನ್ಯಾರೋ ಬರೆಯುವುದನ್ನು ಬಿಬಿಸಿ ಗುಟ್ಟಾಗಿ ಚಿತ್ರ ತೆಗೆದು ಬಯಲಿಗೆಳೆಯಿತು. 58,458 ಪರೀಕ್ಷೆಗಳನ್ನು ಜಾಲಾಡಿ 33,725 ಅಸಿಂಧು, 22,694 ಅನುಮಾನಾಸ್ಪದ ಎಂದರು. ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು; ಅವರಲ್ಲಿ ಭಾರತದವರೂ ಇದ್ದರು. ತಪ್ಪು ಮಾಡದವರೂ ಇದರಲ್ಲಿ ಸಿಕ್ಕಿಬಿದ್ದಿರಬಹುದು ಅಂತ ಅಲ್ಲಿನ ಲೆಕ್ಕಪರಿಶೋಧಕರೇ 2019ರಲ್ಲಿ ಹೇಳಿದರು. ನಕಲು ಮಾಡಿದವನ ಪಾಪ ಪಕ್ಕದವನ ತಲೆಗೂ ಸುತ್ತಿಕೊಂಡಿತು.

ಆದ್ದರಿಂದ 'ಪಾಸು ಗ್ಯಾರಂಟಿ' ಎಂಬ ಬೋರ್ಡು ಕಂಡರೆ ಹುಷಾರು. ಐಇಎಲ್‌ಟಿಎಸ್‌ನಲ್ಲಿ ಪಾಸು-ಫೇಲು ಎಂಬುದೇ ಇಲ್ಲ! ಎಷ್ಟು ಬ್ಯಾಂಡು ಸಾಕು ಅಂತ ತೀರ್ಮಾನಿಸುವುದು ಸೇರಿಸಿಕೊಳ್ಳುವ ಕಾಲೇಜು ಮತ್ತು ವೀಸಾ ಕೊಡುವ ಸರ್ಕಾರ. ಅಸಲಿ ಅಂಕವೋ ನಕಲಿಯೋ ಅಂತ ಕಾಲೇಜಿನವರು ನೇರವಾಗಿ ಕಂಪ್ಯೂಟರಿನಲ್ಲೇ ನೋಡಿಕೊಳ್ಳುತ್ತಾರೆ.

ಕನ್ನಡ ಮೀಡಿಯಮ್ ಮಕ್ಕಳು ಎದೆಗುಂದಬೇಕಿಲ್ಲ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ದೊರೆಗಳ ಹಾಗೆ ನಾಲಿಗೆ ಹೊರಳಿಸಬೇಕು ಅಂತ ಯಾರೂ ಕೇಳೋಲ್ಲ. ತಡವರಿಸದೆ, ಎದುರಿನವರಿಗೆ ಸ್ಪಷ್ಟವಾಗಿ ತಿಳಿಯುವಂತೆ ಮಾತಾಡಿದರಾಯಿತು.

ಅಕ್ಕಿ ಮೂಟೆ ಕೊಳ್ಳುವಾಗ ಒಂದು ಹಿಡಿ ಅಂಗೈಗೆ ಸುರಿದು ನೋಡುವ ಜನ ನಾವು. ಲಕ್ಷಗಟ್ಟಲೆ ಸಾಲ ತೆಗೆಯುವ ಮುಂಚೆ ನಾಲ್ಕು ಭಾಗಕ್ಕೂ ಎಷ್ಟೆಷ್ಟು ಬ್ಯಾಂಡು ಬೇಕು ಅಂತ ಕಾಲೇಜಿನಿಂದಲೇ ಬರೆಸಿ ತರಿಸಿಕೊಳ್ಳೋದು ಕಷ್ಟವೇ?