ಉಪಕರಣಗಳ ಸಣ್ಣ ಭಾಗಗಳಿಗೆ ಹಿಡಿದ ತುಕ್ಕನ್ನು ಮನೆಯಲ್ಲಿಯೇ ತೆಗೆಯುವ ಕ್ರಮ

ಮುಂಗಾರು ಹಿಡಿಯುವುದಕ್ಕೆ ಎಂಟು ಹತ್ತು ದಿವಸಗಳಿರುವಾಗ ಅಡಿಕೆ ತೋಟದ ರೈತರು ಅಟ್ಟದ ಮೇಲಿಟ್ಟಿದ್ದ ಔಷಧಿ ಪಂಪನ್ನು ಕೆಳಗಿಳಿಸುವುದು ವಾಡಿಕೆ. ಹಿಂದಿನ ವರ್ಷ ಸರಿಯಾಗಿ ಕೆಲಸ ಮಾಡಿದ ಪಂಪು ಈ ಸಲ ಹಿಡಿಕೆಯನ್ನೇ ಅಲುಗಿಸಗೊಡುವುದಿಲ್ಲ. ಹೊರಗಿನ ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳೆಯುತ್ತದೆ. ಆದರೆ ಒಳಗಿರುವ ಬೆರಳುದ್ದದ ಸ್ಪ್ರಿಂಗೊಂದು ತುಕ್ಕು ಹಿಡಿದು ಬೆಸೆದಂತೆ ನಿಂತುಬಿಟ್ಟಿರುತ್ತದೆ. ಕೊಳೆರೋಗಕ್ಕೆ ಮೊದಲನೆಯ ಸಿಂಪರಣೆಯು ಮಳೆಗೆ ಮುಂಚೆಯೂ, ಎರಡನೆಯದು ಅದಾದ 40ರಿಂದ 45 ದಿವಸಗಳಲ್ಲಿಯೂ ಆಗಬೇಕು. ಈ ಎರಡನೆಯದಕ್ಕೆ ಮಳೆಯು ಬಿಡುವು ಕೊಡುವುದೇ ಒಂದೆರಡು ದಿವಸ. ಕೊನೆಗೌಡರು ಮರವೇರಲು ಸಿದ್ಧರಾಗಿ ನಿಂತಿರುವಾಗ ಪಂಪು ಕೈಕೊಟ್ಟರೆ, ಕೆಲವು ರೂಪಾಯಿ ಬೆಲೆಯ ಒಂದು ಸ್ಪ್ರಿಂಗಿನ ದೆಸೆಯಿಂದ ವರ್ಷದ ಫಸಲು ಕೆಳಗೆ ಉದುರುವುದನ್ನು ನೋಡಬೇಕಾಗುತ್ತದೆ.

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ಸೋಕಿದಲ್ಲಿ ತುಕ್ಕು ಹುಟ್ಟುತ್ತದೆ. ಕುಳದ ಅಥವಾ ಗುದ್ದಲಿಯ ಅಗಲವಾದ ಮುಖವು ಮಣ್ಣಿಗೆ ಉಜ್ಜಿ ತಾನಾಗಿ ಶುಭ್ರವಾಗುತ್ತದೆ. ಅಪಾಯವಿರುವುದು ತಿರುಪಿನ ಸುತ್ತುಗಳಲ್ಲಿ, ಸ್ಪ್ರಿಂಗಿನ ಒಳಮೈಯಲ್ಲಿ, ಕತ್ತರಿಯ ಕೀಲಿನಲ್ಲಿ, ಮೊಳೆ ಹೊಕ್ಕಿರುವ ತೂತಿನಲ್ಲಿ. ಅಲ್ಲಿ ನಿಂತ ತೇವವು ಬೇಗ ಆರುವುದಿಲ್ಲ, ಬಟ್ಟೆ ಮುಟ್ಟುವುದಿಲ್ಲ. ಇದಲ್ಲದೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಕೈಯಿಂದ ತಿರುಗುತ್ತಿದ್ದ ನಟ್ಟು ಒಂದು ಮಳೆಗಾಲ ಕಳೆಯುವುದರೊಳಗೆ ಸ್ಪ್ಯಾನರಿಗೂ ಬಗ್ಗದಿರುವುದು ಈ ಕಾರಣದಿಂದಲೇ.

ಔಷಧಿ ಪಂಪಿಗೆ ಬೇರೊಂದು ಶತ್ರುವೂ ಉಂಟು. ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗಗಳ ಪರೀಕ್ಷೆ ನಡೆಸಿದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಕುರಿತು 1910ರಲ್ಲಿ ಪುಸ್ತಿಕೆಯನ್ನು ಪ್ರಕಟಿಸಿದರು. ಆ ಕಾಲದಿಂದ ಈಚೆಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು ಮಲೆನಾಡಿನ ತೋಟಗಳಲ್ಲಿ ಬೇರೂರಿದೆ. ದ್ರಾವಣದಲ್ಲಿ ಸುಣ್ಣವು ಸಾಕಾಗಿದೆಯೇ ಎಂದು ತಿಳಿಯಲು ಹೊಳಪಿನ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುವುದನ್ನು ಎಲ್ಲ ತೋಟಗಾರರೂ ಬಲ್ಲರು. ಸುಣ್ಣ ಕಡಮೆಯಾಗಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಕೂತ ತಾಮ್ರಕ್ಕೆ ಬದಲಾಗಿ ಅಷ್ಟಕ್ಕೆ ತಕ್ಕ ಕಬ್ಬಿಣವು ಚಾಕುವಿನಿಂದ ಕರಗಿ ಹೋಗಿರುತ್ತದೆಂಬುದನ್ನು ಮಾತ್ರ ಬಹುಮಂದಿ ಯೋಚಿಸುವುದಿಲ್ಲ. ಪಂಪಿನೊಳಗಿನ ಸ್ಪ್ರಿಂಗಿಗೂ ಕೀಲಿಗೂ ಆಗುವುದು ಇದೇ. ಹಿತ್ತಾಳೆಗೆ ತಗುಲಿಕೊಂಡಿರುವ ಕಬ್ಬಿಣವು ಒದ್ದೆಯಲ್ಲಿ ಒಂಟಿ ಕಬ್ಬಿಣಕ್ಕಿಂತ ಬೇಗ ಕೆಡುತ್ತದೆಯಾದ್ದರಿಂದ ಕೇಡು ಇಮ್ಮಡಿಯಾಗುತ್ತದೆ.

ತುಕ್ಕು ತೆಗೆಯುವ ಮೊದಲು ಭಾಗಗಳನ್ನು ಬಿಚ್ಚಬೇಕು. ಬಿಗಿದ ನಟ್ಟನ್ನು ಸುತ್ತಿಗೆಯಿಂದ ಬಡಿದು ಬಿಡಿಸುವುದು ಸಲ್ಲದು. ತಿರುಪು ಸವೆದುಹೋದರೆ ಆಮೇಲೆ ಯಾವ ಉಪಾಯವೂ ಇಲ್ಲ. ಸೀಮೆಎಣ್ಣೆಯನ್ನೋ ಡೀಸೆಲನ್ನೋ ತೊಟ್ಟುತೊಟ್ಟಾಗಿ ಬಿಟ್ಟು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ನಂತರ ಸಡಿಲಿಸಬೇಕು. ಬಾರದಿದ್ದರೆ ಇನ್ನೊಂದು ರಾತ್ರಿ ಕಾಯಬೇಕು. ಎಣ್ಣೆ ಬಿಟ್ಟ ಭಾಗವನ್ನು ಬೆಂಕಿಗೆ ಒಡ್ಡಕೂಡದು. ತೊಗಲಿನ ಮತ್ತು ರಬ್ಬರಿನ ವಾಷರುಗಳನ್ನು ಸಾಧ್ಯವಾದ ಕೂಡಲೆ ತೆಗೆದು ದೂರ ಇಡತಕ್ಕದ್ದು. ಸೀಮೆಎಣ್ಣೆಯಿಂದ ರಬ್ಬರು ಉಬ್ಬುತ್ತದೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಹಲಗೆಯ ಮೇಲೆ ಸಾಲಾಗಿ ಇಟ್ಟರೆ ಮರಳಿ ಜೋಡಿಸುವಾಗ ಕೈಯಲ್ಲಿ ಒಂದು ಉಳಿದು ಕಂಗಾಲಾಗುವ ಪ್ರಸಂಗ ಬಾರದು.

ತಿಕ್ಕಿ ತೆಗೆಯಲಾಗದ ಸ್ಥಳದ ತುಕ್ಕನ್ನು ಹುಳಿಯಲ್ಲಿ ನೆನೆಹಾಕಿ ಕರಗಿಸಬೇಕು. ಮನೆಯಲ್ಲಿರುವ ಹುಣಸೆಹಣ್ಣೇ ಇದಕ್ಕೆ ಸಾಕು. ಒಂದು ಹಿಡಿ ಹಣ್ಣನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಿವುಚಿ, ನಾರು ಬೀಜಗಳನ್ನು ಸೋಸಿ ತೆಗೆದು, ಭಾಗಗಳು ಮುಳುಗುವಷ್ಟು ರಸ ಮಾಡಿಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ವರ್ಷವಿಡೀ ಬರಲೆಂದು ಉಪ್ಪು ಹಾಕಿ ಕುಟ್ಟಿಟ್ಟ ಹುಣಸೆಹಣ್ಣನ್ನು ಈ ಕೆಲಸಕ್ಕೆ ಉಪಯೋಗಿಸಬಾರದು. ಉಪ್ಪು ಸೇರಿಸಿದರೆ ತುಕ್ಕು ಬೇಗ ಬಿಡುತ್ತದೆಂದು ಹೇಳುವವರುಂಟು. ಅದು ಸುಳ್ಳೂ ಅಲ್ಲ. ಆದರೆ ಸುತ್ತುಗಳ ಸಂದಿನಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕೆಲವೇ ದಿವಸಗಳಲ್ಲಿ ಮೊದಲಿಗಿಂತ ಕೆಟ್ಟದಾದ ತುಕ್ಕನ್ನು ತರುತ್ತದೆ. ಅಂಗಡಿಯಲ್ಲಿ ಸಿಗುವ ನಿಂಬೆಉಪ್ಪು ಹೆಸರಿಗೆ ಮಾತ್ರ ಉಪ್ಪು. ಅದು ನಿಂಬೆಯ ಹುಳಿಯೇ ಆದ್ದರಿಂದ ಬಾಧಕವಿಲ್ಲ. ಅದನ್ನು ಲೀಟರು ನೀರಿಗೆ 50 ಗ್ರಾಮಿನಂತೆ ಕರಗಿಸಿದರೆ ಹುಣಸೆಹಣ್ಣಿಗಿಂತ ಚೊಕ್ಕಟವಾಗಿ ಕೆಲಸವಾಗುತ್ತದೆ.

ಪಾತ್ರೆಯು ಗಾಜಿನದು, ಪಿಂಗಾಣಿಯದು ಅಥವಾ ಪ್ಲಾಸ್ಟಿಕ್ಕಿನದಾಗಿರಬೇಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳು ಆಗವು. ಹಿತ್ತಾಳೆಯ ಭಾಗಗಳನ್ನೂ ಕಬ್ಬಿಣದ ಭಾಗಗಳನ್ನೂ ಒಂದೇ ಪಾತ್ರೆಯಲ್ಲಿ ಹಾಕಕೂಡದು. ಸತುವಿನ ಲೇಪವಿರುವ ಸಾಮಾನನ್ನು ಹುಳಿಯಲ್ಲಿ ಅದ್ದಿದರೆ ತುಕ್ಕಿಗಿಂತ ಮೊದಲು ಲೇಪವೇ ಹೋಗುತ್ತದೆ. ಮೊದಲು ಸೋಪಿನ ಬಿಸಿನೀರಿನಿಂದ ಎಣ್ಣೆಯ ಜಿಡ್ಡನ್ನು ತೊಳೆಯತಕ್ಕದ್ದು. ಜಿಡ್ಡಿರುವಲ್ಲಿ ಹುಳಿಯು ತಾಗುವುದಿಲ್ಲ. ಅನಂತರ ಚಿಕ್ಕ ಭಾಗಗಳನ್ನು ನೂಲಿನಲ್ಲಿ ಪೋಣಿಸಿ ಇಳಿಬಿಟ್ಟರೆ ಎಲ್ಲ ಕಡೆಯೂ ರಸ ತಾಗುತ್ತದೆ, ಮೇಲೆತ್ತಿ ನೋಡುವುದಕ್ಕೂ ಅನುಕೂಲ. ತೂತುಗಳಲ್ಲಿ ಗಾಳಿಯ ಗುಳ್ಳೆ ನಿಲ್ಲದಂತೆ ಒಂದೆರಡು ಸಲ ಅಲುಗಿಸಬೇಕು.

ಗಂಟೆಗೊಮ್ಮೆ ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಕೋಳಿಯ ಗರಿಯಿಂದಲೋ ತೀಡಿ ನೋಡಬೇಕು. ಕೆಂಪು ಹೋಗಿ ಬೂದುಬಣ್ಣ ಕಂಡ ಕೂಡಲೆ ತೆಗೆಯಬೇಕು. ರಾತ್ರಿಯೆಲ್ಲ ಬಿಟ್ಟರೆ ಇನ್ನೂ ಶುಭ್ರವಾದೀತೆಂಬ ಆಶೆ ತಪ್ಪು. ತುಕ್ಕು ಮುಗಿದ ಮೇಲೆ ಹುಳಿಯು ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಸ್ಪ್ರಿಂಗು, ಕಸಿಚಾಕು ಮುಂತಾದ ಹದವಿಟ್ಟ ಉಕ್ಕಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಹುಳಿಯು ಉಕ್ಕನ್ನು ಕರಗಿಸುವಾಗ ಹುಟ್ಟುವ ಜಲಜನಕವು ಉಕ್ಕಿನೊಳಕ್ಕೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ; ನೋಡುವುದಕ್ಕೆ ಚೆನ್ನಾಗಿರುವ ಸ್ಪ್ರಿಂಗು ಮೊದಲನೆಯ ಒತ್ತಿಗೇ ಮುರಿದು ಬೀಳಬಹುದು. ಇಂಥವನ್ನು ಅರ್ಧ ಗಂಟೆಗೊಮ್ಮೆ ನೋಡಿ, ಸ್ವಲ್ಪ ತುಕ್ಕು ಉಳಿದರೂ ಚಿಂತೆಯಿಲ್ಲವೆಂದು ತೆಗೆದುಬಿಡುವುದೇ ಲೇಸು. ಬಚ್ಚಲು ತೊಳೆಯಲು ಮಾರುವ ಆಸಿಡ್ಡನ್ನಂತೂ ಮುಟ್ಟಬಾರದು. ಅದರ ಹೊಗೆಯು ಕಣ್ಣು ಗಂಟಲುಗಳಿಗೆ ಕೇಡು. ಅದೇ ಕೋಣೆಯಲ್ಲಿರುವ ಮಿಕ್ಕ ಹತಾರುಗಳಿಗೂ ತುಕ್ಕು ಹಿಡಿಸುತ್ತದೆ.

ಆಲೆಮನೆಯ ನೆರೆಯಲ್ಲಿರುವವರಿಗೆ ಕಾಕಂಬಿ ಸುಲಭವಾಗಿ ದೊರೆಯುವುದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಟ್ಟರೆ ಎಷ್ಟೋ ಆಳದ ತೂತಿನ ತುಕ್ಕೂ ಬಿಡುತ್ತದೆ. ವಾಸನೆ ಬರುವುದರಿಂದ ಮನೆಯ ಹೊರಗೆ ಮುಚ್ಚಿಡಬೇಕು. ಅವಸರವಿಲ್ಲದವರಿಗೆ ಇದು ಒಳ್ಳೆಯದು.

ಉದ್ದನೆಯ ತೂತಿನೊಳಗೆ ಪದರುಗಟ್ಟಿದ ತುಕ್ಕು ಉಳಿದಿದ್ದರೆ ಗೋಣಿದಾರವನ್ನು ಎಣ್ಣೆಯಲ್ಲಿ ಅದ್ದಿ, ನಯವಾಗಿ ಜರಡಿ ಹಿಡಿದ ಇಟ್ಟಿಗೆಪುಡಿಯಲ್ಲಿ ಹೊರಳಿಸಿ, ತೂತಿನಲ್ಲಿ ಪೋಣಿಸಿ, ಮಜ್ಜಿಗೆ ಕಡೆಯುವ ಹಗ್ಗದಂತೆ ಎರಡು ಕಡೆಗೂ ಎಳೆಯಬೇಕು. ತಿರುಪಿನ ಸುತ್ತುಗಳಿಗೂ ಇದೇ ದಾರವನ್ನು ಸುತ್ತಿನ ಜಾಡಿನಲ್ಲಿಯೇ ಹಾಯಿಸಬಹುದು. ಪಂಪಿನ ಮೂತಿಯ ಸಣ್ಣ ರಂಧ್ರಕ್ಕೆ ಮಾತ್ರ ತಂತಿ, ಸೂಜಿ, ಇಟ್ಟಿಗೆಪುಡಿ ಯಾವುದೂ ಕೂಡದು. ರಂಧ್ರವು ಎಳ್ಳಷ್ಟು ದೊಡ್ಡದಾದರೂ ಮಂಜಿನಂತೆ ಬೀಳಬೇಕಾದ ಔಷಧಿಯು ಹನಿಹನಿಯಾಗಿ ಬಿದ್ದು ಗೊನೆಯ ಮೇಲೆ ನಿಲ್ಲದೆ ಹರಿದುಹೋಗುತ್ತದೆ. ಅಲ್ಲಿಗೆ ನೆನೆಹಾಕಿದ ಬಿದಿರಿನ ಎಸಳೂ ಬಾಯಿಯ ಊದೂ ಸಾಕು. ಆದರೆ ಊದುವ ಮುಂಚೆ ಮೂತಿಯನ್ನು ಚೆನ್ನಾಗಿ ತೊಳೆದಿರಬೇಕು, ತುಟಿಗೆ ತಗುಲಿಸದೆ ಊದಬೇಕು.

ಹುಳಿಯಿಂದ ತೆಗೆದ ಮೇಲಿನ ಕೆಲಸದಲ್ಲಿಯೇ ಬಹುಮಂದಿ ಸೋಲುತ್ತಾರೆ. ಹುಳಿಯಿಂದ ಎದ್ದ ಕಬ್ಬಿಣವು ಹಸಿ ಗಾಯವಿದ್ದಂತೆ. ಒದ್ದೆಯಾಗಿ ಬಿಟ್ಟರೆ ಎಲೆಯಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಕೆಂಪೇರುತ್ತದೆ. ಆದ್ದರಿಂದ ಅಡಿಗೆಸೋಡ ಅಥವಾ ತಿಳಿಯಾದ ಬೂದಿನೀರು, ಕುದಿಯುವ ನೀರು, ಎಣ್ಣೆ ಈ ಮೂರನ್ನೂ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು. ಭಾಗವನ್ನು ಹುಳಿಯಿಂದ ನೇರವಾಗಿ ಸೋಡನೀರಿಗೂ, ಅಲ್ಲಿಂದ ಕುದಿನೀರಿಗೂ ಅದ್ದಿ ತೆಗೆದರೆ, ತನ್ನ ಕಾವಿನಿಂದಲೇ ತಾನು ಒಳಸಂದುಗಳವರೆಗೂ ಆರುತ್ತದೆ. ಬೆಚ್ಚಗಿರುವಾಗಲೇ ಎಣ್ಣೆಯಲ್ಲಿ ಮುಳುಗಿಸಬೇಕು. ಹರಳೆಣ್ಣೆ, ಹೊಂಗೆಎಣ್ಣೆ, ಯಂತ್ರದ ಎಣ್ಣೆ ಯಾವುದಾದರೂ ಆದೀತು. ಅಗಸೆಎಣ್ಣೆ ಬೇಡ, ಅದು ಒಣಗಿ ಅಂಟಾಗಿ ಕೀಲನ್ನು ಹಿಡಿದುಬಿಡುತ್ತದೆ. ವರ್ಷವೆಲ್ಲ ಬಿಚ್ಚದ ತಿರುಪುಗಳಿಗೆ ಗಾಡಿಯ ಕೀಲೆಣ್ಣೆಯನ್ನು ಸವರಿ ಬಿಗಿಯಬೇಕು. ತೊಗಲಿನ ವಾಷರುಗಳನ್ನು ಹರಳೆಣ್ಣೆಯಲ್ಲಿ ನೆನೆಸಿದರೆ ಮೆತ್ತಗಾಗಿ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತವೆ.

ಗರಗಸದ ಹಲ್ಲಿನ ಕುಡುಗೋಲು, ಕಸಿಕತ್ತರಿ, ಮೇವು ಕತ್ತರಿಸುವ ಯಂತ್ರದ ಬೋಲ್ಟುಗಳಿಗೂ ಕ್ರಮವಿದೇ. ಕೆಲವರು ಇವುಗಳನ್ನು ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ತುಕ್ಕನ್ನು ಉದುರಿಸುತ್ತಾರೆ. ತುಕ್ಕು ಉದುರುವುದು ನಿಜ, ಅದರೊಡನೆ ಕಮ್ಮಾರನು ಕೊಟ್ಟ ಹದವೂ ಹೋಗುತ್ತದೆ. ಅಂಥ ಅಲಗು ಮರುದಿವಸದಿಂದ ಬಾಯಿ ನಿಲ್ಲಿಸುವುದಿಲ್ಲ. ಹದ ಕೊಡುವುದು ಕುಲುಮೆಯ ಕೆಲಸ, ಅಡಿಗೆಮನೆಯದಲ್ಲ.

ಎರಡನೆಯ ಸಿಂಪರಣೆ ಮುಗಿದ ದಿವಸವೇ ಪಂಪಿನಲ್ಲಿ ಎರಡು ಸಲ ಶುದ್ಧ ನೀರನ್ನು ಹೊಡೆದು, ಬಿಚ್ಚಿ, ಒಣಗಿಸಿ, ಎಣ್ಣೆ ಹಾಕಿಟ್ಟರೆ ಮೇಲೆ ಹೇಳಿದ ಶ್ರಮದ ಬಹುಭಾಗ ಉಳಿಯುವುದು. ಆಯುಧಪೂಜೆಯ ದಿವಸ ಹತಾರುಗಳನ್ನೆಲ್ಲ ತೊಳೆದು, ಒದ್ದೆಯಿರುವಂತೆಯೇ ಅರಿಸಿನ ಕುಂಕುಮವಿಟ್ಟು, ಹಾಗೆಯೇ ಮೂಲೆಗೆ ಒರಗಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಪೂಜೆಗೆ ಮುಂಚೆ ಬಿಸಿಲಿನಲ್ಲಿ ಆರಿಸಿ, ಪೂಜೆಯಾದ ಮಾರನೆಯ ದಿವಸ ಒರೆಸಿ ಎಣ್ಣೆ ಸವರಿದರೆ ಪೂಜೆಗೂ ಲೋಪವಿಲ್ಲ. ಹಟ್ಟಿಯಲ್ಲಿ, ಗೊಬ್ಬರದ ಚೀಲಗಳ ಪಕ್ಕದಲ್ಲಿ ಪಂಪನ್ನು ಇಡಬಾರದು. ಅಟ್ಟದ ಮೇಲೆ ಒಲೆಯ ಬೆಚ್ಚನೆಯ ಗಾಳಿ ಆಡುವ ಸ್ಥಳವೇ ಯೋಗ್ಯ. ಉಪಯೋಗಿಸಿ ಉಳಿದ ಹುಳಿನೀರನ್ನೂ ಕಾಕಂಬಿಯ ನೀರನ್ನೂ ದನಕರುಗಳು ಬಾಯಿ ಹಾಕದ ಕಡೆ ಗುಂಡಿ ತೆಗೆದು ಚೆಲ್ಲಿ ಮಣ್ಣು ಮುಚ್ಚತಕ್ಕದ್ದು.