ಅಪರಿಸ್ರಾವಿ
ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ವೈದ್ಯರನ್ನು ಅರಿಯದವರಿಲ್ಲ. ಆದುದರಿಂದಲೇ ಮದ್ಯಕ್ಕೋ ನಿದ್ರೆಯ ಮಾತ್ರೆಗೋ ವಶರಾದ ವೈದ್ಯರು ಬಾಯಿಬಿಡಲು ಅಂಜುತ್ತಾರೆ. ಸಪ್ತವ್ಯಸನಗಳಲ್ಲಿ ಮದ್ಯವನ್ನೆಣಿಸಿದ ಜೈನಾಚಾರ್ಯರು ಈ ಅಂಜಿಕೆಯನ್ನೂ ಬಲ್ಲವರು. ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥದ ಪ್ರಕಾರ ಆಲೋಚನೆಯನ್ನು, ಅಂದರೆ ದೋಷನಿವೇದನೆಯನ್ನು, ಕೇಳುವ ಗುರುವು ‘ಅಪರಿಸ್ರಾವಿ’ಯಾಗಿರಬೇಕು: ಕಿವಿಗೆ ಬಿದ್ದುದು ಹೊರಗೆ ಸೋರಕೂಡದು. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಹೋಗುವ ವೈದ್ಯರಿಗೂ 2017ರ ಮಾನಸಿಕ ಆರೋಗ್ಯ ಕಾಯ್ದೆಯು ಗೋಪ್ಯತೆಯ ಹಕ್ಕನ್ನಿತ್ತಿದೆ.

ಅಮೆರಿಕದಲ್ಲಿ ಇಂಥ ವೈದ್ಯರಿಗೆಂದೇ ಇರುವ ಯೋಜನೆಗಳಲ್ಲಿ ಸಾಮಾನ್ಯವಾಗಿ 5 ವರ್ಷ ನಿಗಾ, ಮೂತ್ರಪರೀಕ್ಷೆ. ಕಠಿಣವೆನ್ನಿಸೀತು, ರೋಗಿಯ ಪ್ರಾಣದ ಮುಂದೆ ಹೆಚ್ಚಲ್ಲ. ತತ್ತ್ವಾರ್ಥಸೂತ್ರದ 9 ಪ್ರಾಯಶ್ಚಿತ್ತಗಳಲ್ಲಿ ‘ಪರಿಹಾರ’ವೆಂದರೆ (ಇಂದಿನ ಅರ್ಥದಲ್ಲಲ್ಲ) ನಿಯತಕಾಲ ಸಂಘದಿಂದ ದೂರವಿರಿಸುವುದು, ಅದರ ಬೆನ್ನಿಗೇ ‘ಉಪಸ್ಥಾಪನಾ’, ಮರಳಿ ದೀಕ್ಷೆ.