ಬಾದಾಮಿ: ಒರೆಸುವ ಮುನ್ನ ಓದಬೇಕಾದ ಬಂಡೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಅಗಸ್ತ್ಯ ತೀರ್ಥವನ್ನು ಬಳಸಿ ನಿಂತ ಕೆಂಪು ಬಂಡೆಗಳು ಹದಿನಾಲ್ಕು ಶತಮಾನಗಳಿಂದ ಅಕ್ಷರ ಹೊತ್ತಿವೆ. ಕೋಟೆ ಕಟ್ಟಿದ ಸುದ್ದಿ ಹೇಳುವ ಒಂದನೆಯ ಪುಲಕೇಶಿಯ ಬಂಡೆಶಾಸನ ಕ್ರಿ.ಶ. 543ರದು. ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನ 578ರದು. ಊರನ್ನು ಗೆದ್ದ ಪಲ್ಲವ ನರಸಿಂಹವರ್ಮನೂ ಇಲ್ಲಿ ತನ್ನ ಶಾಸನ ಕೊರೆಸಿದ. ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ, ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ತ್ರಿಪದಿ ಉಳಿದಿದೆ. ಗುಹೆಗಳ ಸುತ್ತ ಕಣ್ಣು ಹಾಯಿಸಿದರೆ ಶಿಲ್ಪಿಗಳು ಸಣ್ಣಗೆ ಕೊರೆದ ತಮ್ಮ ಹೆಸರುಗಳೂ ಸಿಗುತ್ತವೆ.

ಈಚಿನ ಕೈಬರಹವೂ ಇದೇ ಕಲ್ಲಿನ ಮೇಲಿದೆ: ಜೋಡಿ ಹೆಸರು, ಬಾಣ ಚುಚ್ಚಿದ ಹೃದಯ, ಪ್ರವಾಸ ಬಂದ ಇಸವಿ. ಕೆಲವು ಸೀಮೆಸುಣ್ಣದ್ದು, ಕೆಲವು ಇದ್ದಿಲಿನದು, ಕೆಲವು ಬಣ್ಣದ್ದು. ಮೊಳೆಯಿಂದ ಗೀರಿದವುಗಳೇ ಎಲ್ಲಕ್ಕಿಂತ ಕೆಟ್ಟವು. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ, ಒಂದು ಬ್ರಷ್ ಸಿಕ್ಕರೆ ಈಗಲೇ ತಿಕ್ಕಿಬಿಡೋಣ ಅನ್ನಿಸುತ್ತದೆ. ಆದರೆ ಗೀಚಿದವನಿಗಿಂತ ಹೆಚ್ಚಿನ ಹಾನಿ ಮಾಡಬಲ್ಲದ್ದು ಆ ಬ್ರಷ್ಷೇ.

ಕಾರಣ ಕಲ್ಲಿನಲ್ಲೇ ಇದೆ. ಬಾದಾಮಿಯದು ಮರಳುಗಲ್ಲು. ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಕಲ್ಲಾಗಿವೆ, ಕಬ್ಬಿಣದ ಆಕ್ಸೈಡು ಅದಕ್ಕೆ ಕೆಂಪು ಕೊಟ್ಟಿದೆ. ಗಾಳಿ ಮಳೆಗೆ ಒಡ್ಡಿಕೊಂಡ ಮೇಲ್ಪದರ ಕಾಲಾಂತರದಲ್ಲಿ ಒಂದು ಬಗೆಯ ಚರ್ಮದಂತಾಗಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ, ಮರಳು ಸಿಡಿಸಿದರೆ, ಜೋರಾದ ನೀರು ಹಾಯಿಸಿದರೆ ಬಣ್ಣದ ಜೊತೆ ಆ ಪದರವೂ ಹೋಗುತ್ತದೆ, ಒಳಗಿನ ಕಣಗಳು ಉದುರತೊಡಗುತ್ತವೆ. ಆಸಿಡ್ ಹಾಕಿದರೆ ಕಬ್ಬಿಣದ ಅಂಶ ಕರಗಿ ತುಕ್ಕಿನ ಕಲೆಯಾಗಿ ಹರಡಬಹುದು. ಕಾಸ್ಟಿಕ್ ಸೋಡಾದಂಥ ಕ್ಷಾರ ಬಳಸಿದರೆ ಉಪ್ಪು ರಂಧ್ರಗಳಲ್ಲಿ ಕೂತು, ಒಣಗುವಾಗಲೆಲ್ಲ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ.

ಬಲ್ಲವರ ಕೆಲಸ ಬಕೆಟ್ಟಿನಿಂದಲ್ಲ, ಕ್ಯಾಮೆರಾದಿಂದ ಶುರುವಾಗುತ್ತದೆ. ಪ್ರತಿ ಗೀಚನ್ನೂ ಫೋಟೊ ತೆಗೆದು, ಓರೆ ಬೆಳಕು ಹಾಯಿಸಿ, ಅದರ ಕೆಳಗೆ ಹಳೆಯ ಅಕ್ಷರವೋ ಉಳಿಯ ಗುರುತೋ ಇದೆಯೇ ಎಂದು ಹುಡುಕಬೇಕು. ಬಾದಾಮಿಯಂಥ ಜಾಗದಲ್ಲಿ ರಸಾಯನ ತಜ್ಞರ ಪಕ್ಕದಲ್ಲಿ ಶಾಸನ ಓದಬಲ್ಲವರೊಬ್ಬರು ನಿಲ್ಲಲೇಬೇಕೆಂದು ನಾನು ನಂಬುತ್ತೇನೆ. ಮೂರನೆಯ ಗುಹೆಯ ಸೂರಿನಲ್ಲಿ ಚಾಲುಕ್ಯರ ಕಾಲದ ವರ್ಣಚಿತ್ರದ ಚೂರುಗಳು ಇನ್ನೂ ಉಳಿದಿವೆ; ಅವುಗಳ ಹತ್ತಿರ ತಪ್ಪು ದ್ರಾವಕದ ಒಂದು ಹನಿ ಬಿದ್ದರೂ ಕಳೆದುಕೊಂಡದ್ದು ಮರಳಿ ಬರುವುದಿಲ್ಲ.

ಆಮೇಲೆ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಪರೀಕ್ಷೆ. ಸೀಮೆಸುಣ್ಣ, ಇದ್ದಿಲುಗಳಿಗೆ ಮೊದಲು ಒಣ ಮೆದು ಬ್ರಷ್. ಅದಕ್ಕೆ ಬಗ್ಗದಿದ್ದರೆ ಮಾತ್ರ ಸ್ವಲ್ಪ ಶುದ್ಧ ನೀರು. ಎಣ್ಣೆ ಬಣ್ಣಕ್ಕೆ ಬೇಕಾದದ್ದು ಪಟ್ಟು. ಕಾಗದದ ತಿರುಳನ್ನೋ ನಯವಾದ ಜೇಡಿಯನ್ನೋ ಆ ಬಣ್ಣಕ್ಕೆ ತಕ್ಕ ದ್ರಾವಕದಲ್ಲಿ ಕಲಸಿ ಗೀಚಿನ ಮೇಲೆ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿಡುತ್ತಾರೆ. ಒಳಗೆ ಬಣ್ಣ ಕರಗುತ್ತದೆ. ಹಾಳೆ ತೆಗೆದಾಗ ಪಟ್ಟು ಒಣಗುತ್ತ ಕರಗಿದ ಬಣ್ಣವನ್ನು ರಂಧ್ರಗಳಿಂದ ತನ್ನೊಳಗೆ ಎಳೆದುಕೊಳ್ಳುತ್ತದೆ. ಒಣಗಿದ ಪಟ್ಟನ್ನು ಮರದ ಚೂರಿನಿಂದ ಮೆಲ್ಲಗೆ ಎಬ್ಬಿಸಿದರೆ ಅದರ ಒಳಮೈಯಲ್ಲಿ ಬಣ್ಣ ಕಾಣುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರುವುದು ಕಡಿಮೆ. ಮತ್ತೆ ಮತ್ತೆ ಮೆತ್ತಬೇಕು. ಕೊನೆಗೂ ಮಸುಕು ನೆರಳೊಂದು ಉಳಿದರೆ ಅಲ್ಲಿಗೇ ಬಿಡುವುದು ಸರಿ.

ಮೊಳೆಯ ಗೀರಿಗೆ ಮದ್ದಿಲ್ಲ. ಸುತ್ತಲಿನ ಕಲ್ಲನ್ನು ಅಷ್ಟೇ ಆಳಕ್ಕೆ ಉಜ್ಜಿ ಸಮ ಮಾಡಿದರೆ ಹೆಸರು ಹೋಗುತ್ತದೆ, ಚಾಲುಕ್ಯರ ಉಳಿಯ ಗುರುತೂ ಹೋಗುತ್ತದೆ. ತೀರಾ ಕಣ್ಣಿಗೆ ಹೊಡೆಯುವ ಕಡೆ ಕಲ್ಲಿನ ಪುಡಿ ಬೆರೆಸಿದ ಸುಣ್ಣದ ಗಾರೆಯಿಂದ, ಬೇಕೆಂದಾಗ ಮತ್ತೆ ತೆಗೆಯಲು ಬರುವಂತೆ, ತುಂಬಬಹುದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ, ಸಂರಕ್ಷಿತ ಸ್ಮಾರಕ ವಿರೂಪಗೊಳಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಬಾದಾಮಿಗೆ ಹೋದಾಗ ಹೊಸ ಗೀಚು ಕಂಡರೆ ಬಾಟಲಿಯ ನೀರು ಸುರಿದು ಕರವಸ್ತ್ರದಿಂದ ಒರೆಸಬೇಡಿ. ಪುಡಿ ರಂಧ್ರಗಳಿಗೆ ಇಳಿಯುತ್ತದೆ. ಜಾಗದ ಫೋಟೊ ತೆಗೆದು ಅಲ್ಲಿನ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಿಬ್ಬಂದಿಗೆ ಅಂದೇ ತೋರಿಸಿ. ಬಣ್ಣ ಒಣಗಿ ಗಟ್ಟಿಯಾಗುವ ಮೊದಲೇ ಕೈಹಚ್ಚಿದರೆ ಪಟ್ಟಿನ ಸುತ್ತುಗಳು ಕಡಿಮೆಯಾಗುತ್ತವೆ.